ನನ್ನ ಗಾಡಿಯ ಮೀಟರಿಗೆ ಬೆಳಕು ಕೊಟ್ಟವರು

ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ಹೋದ ತಿಂಗಳು ತೀರಿಕೊಂಡರು. ಲಕ್ಷ್ಮೇಶ್ವರದಲ್ಲಿ, ಶಾಲೆಯ ಅಂಗಳದಲ್ಲೇ ಶಾಮಿಯಾನ ಹಾಕಿ ಸಂತಾಪ ಸಭೆ ನಡೆಸಿದರು. ಮಾತಾಡಿದವರೆಲ್ಲ ಅವರನ್ನು ಬೆಳಕು ಹಂಚಿದವರೆಂದರು. ಬೆಳಕು ಎಂದರೆ ಸಾಲದೆನಿಸಿದ ಒಬ್ಬರು ಜ್ಯೋತಿ ಎಂದರು. ಅವರ ನಂತರ ಎದ್ದವರಿಗೆ ಸೂರ್ಯನನ್ನು ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ. ಕಡೆಗೆ, ಮೃತರ ಜೊತೆ ಹೆಚ್ಚು ಕಾಲ ಓಡಾಡಿದವನೆಂಬ ಕಾರಣಕ್ಕೆ ನನ್ನನ್ನು ಎರಡು ಮಾತಿಗೆ ಕರೆದರು. ನಾನು ಎದ್ದು ನಿಂತು ಗಂಟಲು ಮುಟ್ಟಿ ತೋರಿಸಿ ಕೈಮುಗಿದು ಕುಳಿತೆ. ಸಭೆ ಅದನ್ನು ದುಃಖವೆಂದು ತಿಳಿಯಿತು. ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಗಂಟಲು ಚೆನ್ನಾಗಿಯೇ ಇತ್ತು. ಅಲ್ಲಿ ಆಡದೆ ಉಳಿದ ಎರಡು ಮಾತು ಇಲ್ಲಿವೆ.

ಅವರ ಹೆಸರು ಬರೆಯುವುದಿಲ್ಲ. ಶಾಲೆಯ ಪ್ರಯೋಗಶಾಲೆಗೆ ಅವರ ಹೆಸರಿಡಬೇಕೆಂದು ಅದೇ ಸಭೆಯಲ್ಲಿ ಗೊತ್ತುವಳಿ ಆಯಿತು. ಒಬ್ಬ ಮನುಷ್ಯನ ಹೆಸರು ಒಂದು ಕಡೆ ಬರೆದರೆ ಸಾಕು, ನಾನು ಯಾಕೆ ಮತ್ತೊಂದು ಕಡೆ ಬರೆಯಲಿ?

ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಇಬ್ಬರೂ ಬೆಟಗೇರಿಯವರು. ಶಾಲೆಯಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುವ ಪದ್ಧತಿ ಇರಲಿಲ್ಲ. ಅವರು ವಿಜ್ಞಾನ ಸರ್, ನಾನು ಕನ್ನಡ ಸರ್. ಎತ್ತರದ ಆಳು, ಉದ್ದ ಕಾಲು, ಚೂಪು ಮೊಣಕಾಲು. ಉಳಿದ ಮಾಸ್ತರರು ಅಂಗಿಯ ಕಿಸೆಯಲ್ಲಿ ಪೆನ್ನು ಇಡುವ ಜಾಗದಲ್ಲಿ ಅವರು ಕರೆಂಟ್ ನೋಡುವ ಟೆಸ್ಟರ್ ಇಡುತ್ತಿದ್ದರು. ಎಲ್ಲಿಗೆ ಹೋದರೂ ಮೊದಲು ಅದನ್ನು ತೆಗೆದು ಸುತ್ತಲಿನ ಲೋಹಕ್ಕೆಲ್ಲ ಹಚ್ಚಿ, "ಐತಿ" ಅಥವಾ "ಇಲ್ಲ" ಎಂದು ತೀರ್ಪು ಕೊಟ್ಟು ಆಮೇಲೆ ಕುಳಿತುಕೊಳ್ಳುತ್ತಿದ್ದರು. ಮುಂಡರಗಿಯ ಒಂದು ಮದುವೆಯಲ್ಲಿ, ಅತ್ತ ತಾಳಿ ಕಟ್ಟುವ ಹೊತ್ತಿಗೆ ಇತ್ತ ಮಂಟಪದ ಕಂಬಕ್ಕೆ ಟೆಸ್ಟರ್ ಹಚ್ಚಿ ನಿಂತಿದ್ದರು. ಗಂಡಿನ ಕಡೆಯ ಹಿರಿಯರು ಇವರನ್ನು ಲೈಟಿನವನೆಂದು ತಿಳಿದು, ಊಟದ ಮನೆಯ ಫ್ಯಾನು ತಿರುಗುತ್ತಿಲ್ಲವೆಂದು ಗದರಿಸಿದರು. ಬೇರೆ ಯಾರಾದರೂ ಸಿಟ್ಟಾಗುತ್ತಿದ್ದರು. ಇವರು ಹೋಗಿ ಫ್ಯಾನು ಬಿಚ್ಚಿದರು. ಅದು ಸ್ವಿಚ್ಚು ಹಾಕದ ಫ್ಯಾನು. ಬಿಚ್ಚಿದ ಮೇಲೆ ಮಾತ್ರ ನಿಜಕ್ಕೂ ಕೆಟ್ಟಿತು. ಅಂದಿನ ಊಟವನ್ನು ಇಡೀ ಬೀಗರ ಬಳಗ ಬೆವರಿನಲ್ಲಿ ಮುಗಿಸಿತು.

ಕೆಟ್ಟದ್ದನ್ನು ರಿಪೇರಿ ಮಾಡುವವರು ಗದಗ-ಬೆಟಗೇರಿಯಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ನೆಟ್ಟಗಿರುವುದನ್ನು ರಿಪೇರಿ ಮಾಡುವ ಧೈರ್ಯ ನಾನು ಕಂಡದ್ದು ಇವರೊಬ್ಬರಲ್ಲಿ. ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡನ್ನು ಸಿಪಾಯಿ ಬಡಿದರೆ ನಮ್ಮ ಶಾಲೆಯ ಗಂಟೆ ಅರ್ಧ ಊರಿಗೆ ಕೇಳುತ್ತಿತ್ತು. ಅದನ್ನು ಇಳಿಸಿ ಕರೆಂಟಿನ ಗಂಟೆ ಹಾಕಿಸಿದರು. ಲಕ್ಷ್ಮೇಶ್ವರದಲ್ಲಿ ಮಧ್ಯಾಹ್ನ ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತು. ಹೋದ ದಿನ, ಆಗ ನಡೆಯುತ್ತಿದ್ದ ಪಾಠ ಮುಗಿಯುತ್ತಲೇ ಇರಲಿಲ್ಲ. ಅದು ಹೆಚ್ಚಾಗಿ ಇತಿಹಾಸದ ಪಾಠ. ನಮ್ಮ ಮನೆಯ ಮಿಕ್ಸರಿಗೂ ಒಮ್ಮೆ ಅವರ ಕೈ ತಾಗಿತು. ಅದಾದ ಮೇಲೆ ಅದು ಒಂದೇ ವೇಗದಲ್ಲಿ, ಅತಿ ಹೆಚ್ಚಿನ ವೇಗದಲ್ಲಿ ಓಡತೊಡಗಿ ಶೇಂಗಾ ಚಟ್ನಿಯನ್ನು ಸೂರಿನವರೆಗೆ ಕಳಿಸಿತು. ನನ್ನ ಹೆಂಡತಿ ಮೇಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವರು ಮಾತ್ರ ಸಂತೋಷದಿಂದ, ಶಕ್ತಿ ಹೆಚ್ಚಾಗಿದೆ ಎಂದರು.

ಯಾರಾದರೂ ತಡೆಯಲು ಹೋದರೆ ಅವರದು ಒಂದೇ ಮಾತು: "ನೀವ ಸುಮ್ನ ಕುಂಡ್ರಿ." ಇದನ್ನು ಅವರು ಒರಟಾಗಿ ಹೇಳುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವವನಿಗೆ ಡಾಕ್ಟರು ಹೇಳುವ ವಾತ್ಸಲ್ಯದಿಂದ ಹೇಳುತ್ತಿದ್ದರು. ಅದರಿಂದಲೇ ನಾವೆಲ್ಲ ಕುಳಿತೆವು.

ಇನ್ನು ನನ್ನ ಗಾಡಿಯ ಕಥೆ.

ನನ್ನದೊಂದು ಸಣ್ಣ ಹಳೆಯ ಕಾರು ಇತ್ತು. ಬೆಟಗೇರಿಯಿಂದ ಹೊರಟು, ಶಿರಹಟ್ಟಿಯಲ್ಲಿ ಡ್ರಿಲ್ ಮಾಸ್ತರರನ್ನು ಹತ್ತಿಸಿಕೊಂಡು, ಲಕ್ಷ್ಮೇಶ್ವರ ಮುಟ್ಟುವುದು ನಮ್ಮ ನಿತ್ಯದ ಪಯಣ. ವಿಜ್ಞಾನ ಸರ್ ಕಾಲು ಉದ್ದವೆಂಬ ಕಾರಣಕ್ಕೆ ಮುಂದಿನ ಸೀಟು ತಮ್ಮದೆಂದು ಮೊದಲ ದಿನವೇ ತೀರ್ಮಾನಿಸಿದ್ದರು. ಡ್ರಿಲ್ ಮಾಸ್ತರರು ಹಿಂದೆ ಕುಳಿತ ಕೂಡಲೇ ನಿದ್ದೆ ಹೋಗುತ್ತಿದ್ದರು. ನಾನು ಗಾಡಿಯನ್ನು ನಿಧಾನವಾಗಿ ಓಡಿಸುತ್ತಿದ್ದೆ. ಇದನ್ನು ನಾನು ಒಪ್ಪಿಕೊಳ್ಳುತ್ತಿಲ್ಲ, ಹೇಳಿಕೊಳ್ಳುತ್ತಿದ್ದೇನೆ. ಎರೆಹೊಲಗಳ ನಡುವಿನ ರಸ್ತೆಯಲ್ಲಿ ಎದುರಿಗೆ ಎತ್ತಿನ ಗಾಡಿ ಬಂದರೆ ಅದಕ್ಕೂ ನನಗೂ ಹೆಚ್ಚಿನ ವ್ಯತ್ಯಾಸ ಇರುತ್ತಿರಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಗೌರವದಿಂದ ದಾಟುತ್ತಿದ್ದೆವು. ಅಷ್ಟು ವರ್ಷ ಓಡಿಸಿದರೂ ಒಂದು ಕೋಳಿಯ ಗರಿಗೂ ನನ್ನಿಂದ ನೋವಾಗಿಲ್ಲ.

ಆ ಗಾಡಿಯ ಮೀಟರಿನ ಬೆಳಕು ನಸು ಹಸಿರು. ಚಳಿಗಾಲದಲ್ಲಿ ಹತ್ತನೇ ಇಯತ್ತೆಯವರ ವಿಶೇಷ ತರಗತಿ ಮುಗಿಸಿ ಬರುವಾಗ ಮಬ್ಬು ಕವಿದಿರುತ್ತಿತ್ತು. ದೀಪ ಹಾಕಿದರೆ ವೇಗದ ಮುಳ್ಳು, ಪೆಟ್ರೋಲಿನ ಮುಳ್ಳು ಕೆರೆಯ ತಳದಲ್ಲಿ ಬಿದ್ದ ವಸ್ತುಗಳಂತೆ ಮಸುಕಾಗಿ ಕಾಣುತ್ತಿದ್ದವು. ಕಣ್ಣಿಗೆ ಹಿತ. ನನಗೆ ಅದು ಸಾಕಾಗಿತ್ತು. ಪಕ್ಕದಲ್ಲಿ ಕುಳಿತವರಿಗೆ ಸಾಕಾಗಿರಲಿಲ್ಲ. ಮೀಟರಿನ ಗಾಜಿಗೆ ಉಗುರಿನಿಂದ ಟಕ್ ಟಕ್ ಬಡಿದು, ಇಷ್ಟು ಬಡತನ ಯಾಕೆ ಎನ್ನುತ್ತಿದ್ದರು. ಈಗ ಎಲ್‌ಇಡಿ ಬಂದಿವೆ, ಕರೆಂಟ್ ಕಡಿಮೆ ತಿನ್ನುತ್ತವೆ, ಬಿಸಿಯಾಗುವುದಿಲ್ಲ, ಬೆಳಕು ಹಾಲಿನಂತಿರುತ್ತದೆ ಎಂದು ಶಿರಹಟ್ಟಿ ದಾಟುವವರೆಗೂ ಪಾಠ. ಒಂದು ಇಡೀ ಚಳಿಗಾಲ ತಡೆದೆ. ಮುಂದಿನ ಚಳಿಗಾಲದ ಹೊತ್ತಿಗೆ ನನ್ನ ಬಲ ಉಡುಗಿತ್ತು.

ಒಂದು ರವಿವಾರ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಚೀಲದ ತುಂಬ ಬಲ್ಬು ಹಿಡಿದುಕೊಂಡು ಬಂದರು. ಗಾಡಿ ನಮ್ಮ ಅಂಗಳದಲ್ಲಿ ನಿಂತಿತ್ತು. ಬಿಚ್ಚಿದ ಸ್ಕ್ರೂಗಳನ್ನು ಹಿಡಿದುಕೊಳ್ಳುವ ಕೆಲಸ ನನಗೆ ಬಿತ್ತು. ಅಂಗೈ ಚಾಚಿ, ಪ್ರಸಾದಕ್ಕೆ ನಿಂತವನಂತೆ ನಿಂತೆ. ಹೀಗೆ ಬಲವಂತವಾಗಿ ನಿಂತು ನೋಡಿದ್ದರಿಂದಲೇ ಮೀಟರನ್ನು ಹೇಗೆ ಸಡಿಲಿಸಬೇಕು, ಹಿಂದಿನ ವಾಯರನ್ನು ಎಲ್ಲಿ ಒತ್ತಿ ಎಳೆಯಬೇಕು, ಯಾವ ಬಲ್ಬು ಯಾವ ಚಿತ್ರದ ಹಿಂದಿದೆ ಎಂಬುದೆಲ್ಲ ನನಗೆ ಕಲಿಕೆಯಾಯಿತು. ಎಲ್‌ಇಡಿಗೆ ಹಳೆಯ ಬಲ್ಬಿನಂತಲ್ಲದೆ ಹಿಂದುಮುಂದು ಉಂಟು. ಉಲ್ಟಾ ಕೂಡಿಸಿದರೆ ಹತ್ತುವುದಿಲ್ಲ, ತೆಗೆದು ತಿರುಗಿಸಿ ಕೂಡಿಸಬೇಕು. ಅರ್ಧ ಬಲ್ಬುಗಳನ್ನು ಅವರು ಉಲ್ಟಾ ಕೂಡಿಸಿದರು. ಡಯೋಡಿನ ಪಾಠವನ್ನು ಅಷ್ಟು ವರ್ಷ ಕಲಿಸಿದವರು ಅವರೇ. ಹಳೆಯ ಬಲ್ಬುಗಳ ಮೇಲಿದ್ದ ಹಸಿರು ಟೊಪ್ಪಿಗಳನ್ನು ಕಿತ್ತು ಮೋರಿಗೆ ಒಗೆದರು. ಬೆಳಗುವ ಬಲ್ಬು, ಎಚ್ಚರಿಸುವ ಬಲ್ಬು ಎಂಬ ಭೇದ ಮಾಡದೆ ಎಲ್ಲವನ್ನೂ ಬದಲಿಸಿದರು. ಸಂಜೆ ದೀಪ ಹಾಕಿ ನೋಡಿದೆ. ಗಾಡಿಯೊಳಗೆ ಹಗಲಾಗಿತ್ತು. ಮುಂದಿನ ಗಾಜಿನಲ್ಲಿ ರಸ್ತೆ ಕಾಣುವ ಜಾಗದಲ್ಲಿ ನನ್ನ ಮುಖ ಕಂಡಿತು, ಅದೂ ನೀಲಿ ಬಣ್ಣದಲ್ಲಿ. ಬೆಳಕು ತಗ್ಗಿಸುವ ತಿರುಪು ತಿರುಗಿಸಿದರೆ ಏನೂ ಆಗಲಿಲ್ಲ. ತಗ್ಗಿಸುವುದು ಯಾಕೆ ಎಂದು ಅವರು ಕೇಳಿದರು.

ಇಷ್ಟೇ ಆಗಿದ್ದರೆ ಕ್ಷಮಿಸಿಬಿಡುತ್ತಿದ್ದೆ. ನೀಲಿ ಮುಖದ ಮನುಷ್ಯನಾಗಿ ನಿವೃತ್ತನಾಗುತ್ತಿದ್ದೆ.

ಮೀಟರಿನಲ್ಲಿ ಬ್ಯಾಟರಿಯ ಚಿತ್ರವಿರುವ ಒಂದು ಕೆಂಪು ದೀಪ ಇರುತ್ತದೆ. ನನ್ನ ಗಾಡಿಯಂಥ ಹಳೆಯ ಗಾಡಿಗಳಲ್ಲಿ ಆ ದೀಪಕ್ಕೆ ಎರಡು ಕೆಲಸ. ಒಂದು, ಬ್ಯಾಟರಿಗೆ ಕರೆಂಟ್ ತುಂಬುತ್ತಿಲ್ಲವೆಂದು ತಿಳಿಸುವುದು. ಇನ್ನೊಂದು, ತನ್ನ ತಂತಿಯ ಮೂಲಕ ಒಂದಿಷ್ಟು ಕರೆಂಟ್ ಕಳಿಸಿ, ಬ್ಯಾಟರಿ ತುಂಬುವ ಡೈನಮೊವನ್ನು ನಿದ್ದೆಯಿಂದ ಎಬ್ಬಿಸುವುದು. ಎಲ್‌ಇಡಿ ಕರೆಂಟ್ ಕಡಿಮೆ ತಿನ್ನುತ್ತದಲ್ಲ, ಆ ಸದ್ಗುಣವೇ ಇಲ್ಲಿ ವಿಷ. ಅದರಿಂದ ಹೋಗುವ ಚೂರು ಕರೆಂಟಿಗೆ ಡೈನಮೊ ಏಳುವುದಿಲ್ಲ. ಗಾಡಿಯನ್ನು ಜೋರಾಗಿ ಗುರುಗುಟ್ಟಿಸಿದರೆ ತಾನಾಗಿಯೇ ಎಚ್ಚರಗೊಂಡು ಕೆಲಸಕ್ಕೆ ಹತ್ತುತ್ತದೆ. ಆದ್ದರಿಂದ ಈ ರೋಗ ನಿಧಾನವಾಗಿ ಓಡಿಸುವವನಿಗೆ ಮಾತ್ರ ಬರುವಂಥದ್ದು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಇಷ್ಟು: ಆ ರವಿವಾರದ ನಂತರ ಕೆಂಪು ದೀಪ ಆರುತ್ತಿರಲಿಲ್ಲ, ಮತ್ತು ನಿಲ್ಲಿಸಿದ ಗಾಡಿ ಮತ್ತೆ ಏಳುತ್ತಿರಲಿಲ್ಲ.

ಕೆಂಪು ದೀಪ ತೋರಿಸಿದೆ. ಹೊಸ ದೀಪ, ಸ್ವಲ್ಪ ಚುರುಕು ಇರುತ್ತದೆ, ಅದರ ಕಡೆ ನೋಡಬೇಡಿ ಎಂದರು. ನೋಡದಿರಲು ಅನುಕೂಲವಾಗಲೆಂದು ವಾಯರಿಗೆ ಸುತ್ತುವ ಕರಿ ಪಟ್ಟಿಯ ಒಂದು ತುಣುಕನ್ನು ಹಲ್ಲಿನಿಂದ ಕಡಿದು ಗಾಜಿನ ಮೇಲೆ, ಸರಿಯಾಗಿ ಬ್ಯಾಟರಿಯ ಚಿತ್ರ ಮುಚ್ಚುವಂತೆ ಅಂಟಿಸಿದರು. ವಿಜ್ಞಾನದ ವತಿಯಿಂದ ಸಮಸ್ಯೆ ಪರಿಹಾರವಾಯಿತು.

ಮುಂದಿನ ದಿನಗಳನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಶಾಲೆ ಬಿಟ್ಟ ಮೇಲೆ ಗಾಡಿ ಏಳದು. ಡ್ರಿಲ್ ಮಾಸ್ತರರು ಒಂಬತ್ತನೇ ತರಗತಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿ ದಬ್ಬಿಸುವರು. ಸ್ಟೇರಿಂಗ್ ಹಿಡಿದು ನಾನು ರಥದ ಮೂರ್ತಿಯಂತೆ ಕುಳಿತಿರುವೆ. ಬ್ಯಾಟರಿ ಹೊಸದು ಹಾಕಿಸಿದೆ, ಅದೂ ಹಾಗೆಯೇ ಸತ್ತಿತು. ಒಂದು ದಿನ ವಿಜ್ಞಾನ ಸರ್, ಸರಿಯಿರಿ ನಾನು ನೋಡುತ್ತೇನೆ ಎಂದು ತಾವೇ ಕುಳಿತು, ಬೆಟಗೇರಿಯವರೆಗೆ ಗಾಡಿಯನ್ನು ಹರಿದು ಚಿಂದಿ ಮಾಡುವ ವೇಗದಲ್ಲಿ ಓಡಿಸಿದರು. ಡೈನಮೊ ಎಚ್ಚರಗೊಂಡಿತು, ಬ್ಯಾಟರಿ ತುಂಬಿತು, ಮರುದಿನ ಬೆಳಿಗ್ಗೆ ಗಾಡಿ ಒಂದೇ ಸಲದ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಅವರು ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೆ, ಚಹಾದ ಬಟ್ಟಲು ಕೆಳಗಿಟ್ಟು ತೀರ್ಪು ಹೇಳಿದರು:

"ಗಾಡಿ ಛಲೋ ಐತ್ರಿ ಕನ್ನಡ ಸರ್. ನಿಮಗ ಓಡಸಾಕ ಬರಂಗಿಲ್ಲ."

ಎಲ್ಲರೂ ನಕ್ಕರು. ಡ್ರಿಲ್ ಮಾಸ್ತರರು ನಿದ್ದೆಯಿಂದ ಎದ್ದು ನಕ್ಕರು. ಒಂದೇ ಒಂದು ಮಾತು ಹೇಗೆ ಊರಾಡುತ್ತದೆ ನೋಡಿ: ವಾರದೊಳಗೆ ನಮ್ಮ ಗಲ್ಲಿಯ ಮಗ್ಗದ ಮನೆಯವರು ಕೂಡ ನಾನು ಗಾಡಿ ತೆಗೆಯುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಕಡೆಗೆ ನನ್ನ ಹೆಂಡತಿಯೇ, ಮಾರಿಬಿಡಿ, ಈ ದಬ್ಬಿಸಿಕೊಳ್ಳುವ ವೈಭವ ಸಾಕು ಎಂದಳು. ಕೊಳ್ಳುವವರು ಯಾರು? ದಬ್ಬುವ ಗಾಡಿಯೆಂದು ಲಕ್ಷ್ಮೇಶ್ವರದಿಂದ ಗದಗಿನವರೆಗೆ ಹೆಸರಾದ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಉಪಕಾರಕ್ಕೆಂದು ವಿಜ್ಞಾನ ಸರ್ ಮುಂದೆ ಬಂದರು. ಉಪಕಾರದ ಬೆಲೆಗೇ ಕೊಂಡರು.

ಕೊಂಡ ಮೇಲೂ ಗಾಡಿ ನಮ್ಮ ಅಂಗಳದಲ್ಲೇ ನಿಂತಿತು. ಅವರ ಗಲ್ಲಿ ಕಿರಿದು, ಅಲ್ಲಿ ಸೈಕಲ್ಲು ತಿರುಗಿಸುವುದೂ ಕಷ್ಟ. ಬೀಗದ ಕೈ ಒಂದು ಅವರಲ್ಲಿ, ಇನ್ನೊಂದು ನಮ್ಮ ಅಡುಗೆಮನೆಯ ಮೊಳೆಯಲ್ಲಿ. ಬೆಳಿಗ್ಗೆ ಬಂದು, ನನ್ನ ಅಂಗಳದಿಂದ ನನ್ನ ಗಾಡಿ ತೆಗೆದು, ಪಕ್ಕದ ಸೀಟಿನಲ್ಲಿ ನನ್ನನ್ನು ಕೂಡಿಸಿಕೊಂಡು ಹೊರಡುತ್ತಿದ್ದರು. ಬಸ್ಸಿಗೆ ಹೋಗುತ್ತೇನೆಂದರೆ ಹೆಂಡತಿ ಕೇಳಲಿಲ್ಲ. ಗಾಡಿ ಈಗ ಒಂದು ದಿನವೂ ನಿಲ್ಲಲಿಲ್ಲ. ಒಳ್ಳೆಯ ಕೈಗೆ ಹೋಯಿತು ಎಂದು ಡ್ರಿಲ್ ಮಾಸ್ತರರು ಹಿಂದಿನ ಸೀಟಿನಿಂದ ಅರೆನಿದ್ದೆಯಲ್ಲಿ ಹೇಳಿದರು. ಗಾಡಿ ಹೋದದ್ದನ್ನು ನುಂಗಿಕೊಂಡಿದ್ದೆ. ಗಾಡಿ ಓಡಿಸಲು ಬಾರದವನೆಂಬ ಹೆಸರು ಮಾತ್ರ ಗಂಟಲಲ್ಲಿ ನಿಂತಿತ್ತು.

ಒಂದು ದಿನ ಶಿರಹಟ್ಟಿ ಇನ್ನೂ ಮುಂದಿರುವಾಗ, ಅವರು ತಾವಾಗಿಯೇ ಪಾಠ ಶುರು ಮಾಡಿದರು. ಕೆಂಪು ದೀಪಕ್ಕೂ ಡೈನಮೊಕ್ಕೂ ಇರುವ ಸಂಬಂಧವನ್ನು ಮೇಲೆ ನಾನು ಬರೆದಿರುವಷ್ಟೇ ಸ್ಪಷ್ಟವಾಗಿ ವಿವರಿಸಿದರು. ಅಲ್ಲಿ ಎಲ್‌ಇಡಿ ನಡೆಯುವುದಿಲ್ಲ, ಹಳೆಯ ಬಲ್ಬೇ ಬೇಕು ಎಂದರು.

"ಇದು ನಿಮಗ ಯಾವಾಗ ತಿಳೀತ್ರಿ ಸರ್?" ಎಂದೆ.

"ಆಗಲೇ ತಿಳಿದಿತ್ರಿ. ಗಾಡಿ ತಗೊಂಡ ಮರುದಿನಾನ ಹಳೇ ಬಲ್ಬ್ ಹಾಕಿದ್ನಿ."

"ಮತ್ತ ನನಗ ಹೇಳಲಿಲ್ಲ?"

ಅವರು ರಸ್ತೆಯಿಂದ ಕಣ್ಣು ತೆಗೆಯದೆ, ನಿಜವಾದ ಆಶ್ಚರ್ಯದಿಂದ ಹೇಳಿದರು: "ನೀವು ಕೇಳಲೇ ಇಲ್ಲಲ್ರಿ."

ನಾನು ಮುಂದೆ ನೋಡಿದೆ. ಕರಿ ಪಟ್ಟಿಯ ತುಣುಕು ಇನ್ನೂ ಅಲ್ಲಿಯೇ ಅಂಟಿಕೊಂಡಿತ್ತು. ಅಂಟಿಸಿದ್ದನ್ನು ಕೀಳುವ ಸ್ವಭಾವ ಅವರದಲ್ಲ. ಅದನ್ನು ನೋಡುತ್ತಾ ನೋಡುತ್ತಾ ನನ್ನಲ್ಲಿ ಒಂದು ಅಪೂರ್ವ ಶಾಂತಿ ಮೂಡಿತು. ಋಷಿಗಳಿಗೆ ಆಗುವಂಥದ್ದೇ ಇರಬೇಕು, ಅವರು ಶಾಪ ಕೊಡುವ ಮೊದಲು.

ಸೇಡಿಗೆ ನಮ್ಮ ಕಡೆ ಒಂದು ಕಾನೂನಿನ ತೊಡಕು ಇದೆ. ದಸರೆಯ ಬನ್ನಿ. ಸಂಜೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣ ಎಂದು ಕೈಮುಗಿದರೆ ವರ್ಷದ ಸಿಟ್ಟೆಲ್ಲ ಚುಕ್ತಾ. ತೆಗೆದುಕೊಂಡ ಮೇಲೆ ಹಳೆಯದನ್ನು ಎತ್ತಿದರೆ ಎತ್ತಿದವನೇ ಸಣ್ಣವನು. ವಿಜ್ಞಾನ ಸರ್ ಆ ವರ್ಷವೂ ಬನ್ನಿ ಹಿಡಿದುಕೊಂಡು ಬರುವವರೇ. ಆದ್ದರಿಂದ ನಾನು ಆ ದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಮುಂಡರಗಿಗೆ, ನನಗೇನೂ ಕೆಲಸವಿಲ್ಲದ ಊರಿಗೆ, ಹೋಗಿ ಕುಳಿತೆ. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮಿರ್ಚಿ ಭಜಿ ತಿನ್ನುತ್ತಾ ನನ್ನ ಸಿಟ್ಟನ್ನು ಕಾಪಾಡಿಕೊಂಡೆ. ಗುರುತಿಲ್ಲದ ಮುದುಕರೊಬ್ಬರು ಬಂದು ಬನ್ನಿ ಕೊಟ್ಟರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲವಾದ್ದರಿಂದ ತೆಗೆದುಕೊಂಡೆ. ಕತ್ತಲಾದ ಮೇಲೆ ಮನೆಗೆ ಬಂದರೆ, ಸರ್ ನಿಮಗೆ ಕಾದು ಕಾದು ಹೋದರು ಎಂದಳು ಹೆಂಡತಿ. ಹೀಗೆ ನನ್ನ ಸೇಡು ಊರ್ಜಿತದಲ್ಲಿ ಉಳಿಯಿತು.

ಹತ್ತನೇ ಇಯತ್ತೆಯ ಉತ್ತರ ಪತ್ರಿಕೆ ತಿದ್ದಲು ಅವರು ಧಾರವಾಡಕ್ಕೆ ಹೋದರು. ನಾನು ಮಂಡಿನೋವೆಂದು ಹೇಳಿ ಆ ಕೆಲಸದಿಂದ ತಪ್ಪಿಸಿಕೊಂಡಿದ್ದೆ. ಗಾಡಿ ನಮ್ಮ ಅಂಗಳದಲ್ಲಿತ್ತು, ಬೀಗದ ಕೈ ಮೊಳೆಯಲ್ಲಿತ್ತು. ಬೆಟಗೇರಿಯ ಬಿಡಿಭಾಗದ ಅಂಗಡಿಗೆ ಹೋಗಿ ಮೀಟರಿನ ಎಲ್‌ಇಡಿ ಬಲ್ಬು ಒಂದು ಕೇಳಿದೆ. ಒಂದೇ ಯಾಕೆ, ಪೂರ್ತಿ ಸೆಟ್ಟು ಹಾಕಿಸಿರಿ, ಗಾಡಿ ಚೆಂದ ಕಾಣುತ್ತದೆ ಎಂದ ಅಂಗಡಿಯವ. ಚೆಂದಕ್ಕಲ್ಲ ಎಂದೆ. ಮಧ್ಯಾಹ್ನ ಬಿಸಿಲಿಗೆ ಗಲ್ಲಿ ಖಾಲಿ ಇದ್ದಾಗ ಗಾಡಿಯ ಬಾಗಿಲು ತೆರೆದು ಕುಳಿತು, ಆ ರವಿವಾರ ಅಂಗೈಯಲ್ಲಿ ಹಿಡಿದುಕೊಂಡಿದ್ದ ಸ್ಕ್ರೂಗಳನ್ನೇ ಒಂದೊಂದಾಗಿ ಬಿಚ್ಚಿದೆ. ಹೆಂಡತಿ ಬಾಗಿಲಲ್ಲಿ ನಿಂತು, ಏನು ಮಾಡುತ್ತಿದ್ದೀರಿ ಎಂದಳು.

"ಸರ್ ಅವರ ಗಾಡಿ ಧೂಳಾಗಿದೆ. ಒರೆಸುತ್ತಿದ್ದೇನೆ."

"ಇಷ್ಟ ಪ್ರೀತಿ ಯಾವಾಗಿಂದ್ರಿ?" ಎಂದು ಒಳಗೆ ಹೋದಳು.

ಬ್ಯಾಟರಿ ಚಿತ್ರದ ಹಿಂದಿನ ಹಳೆಯ ಬಲ್ಬು ತೆಗೆದೆ, ಎಲ್‌ಇಡಿ ಕೂಡಿಸಿದೆ. ಬೀಗದ ಕೈ ತಿರುವಿ, ಕರಿ ಪಟ್ಟಿಯ ಅಂಚು ಎತ್ತಿ, ಕೆಂಪು ಹತ್ತಿದ್ದನ್ನು ಕಂಡು, ಪಟ್ಟಿಯನ್ನು ಮೊದಲಿದ್ದಂತೆ ಒತ್ತಿ ಅಂಟಿಸಿದೆ. ಮೀಟರನ್ನು ಅದರ ಜಾಗಕ್ಕೆ ಒತ್ತಿ ಸ್ಕ್ರೂ ಬಿಗಿದೆ. ಆ ಸಂಜೆ ನಾನು ಉಂಡ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ. ಜೋಳದ ರೊಟ್ಟಿ, ಎಣಗಾಯಿ.

ಏನೂ ಆಗಲಿಲ್ಲ.

ಒಂದು ತಿಂಗಳು ಕಾದೆ, ಒಂದು ವರ್ಷ ಕಾದೆ. ಆ ಮನುಷ್ಯ ಗಾಡಿಯನ್ನು ಎಂದೂ ನಿಧಾನ ಓಡಿಸಿದವರಲ್ಲ. ಚಾಲೂ ಮಾಡಿದ ಕ್ಷಣವೇ ಅದು ಚೀರುವಂತೆ ಒತ್ತುತ್ತಿದ್ದರು. ಆ ಚೀರಾಟಕ್ಕೆ ಸತ್ತವರೂ ಏಳಬಹುದು, ಡೈನಮೊ ಏಳದಿರುತ್ತದೆಯೇ? ನಾನು ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತು, ನನ್ನ ಸೇಡಿನ ಎದುರಿಗೇ ದಿನಾ ಲಕ್ಷ್ಮೇಶ್ವರಕ್ಕೆ ಹೋಗಿಬಂದೆ. ಸಾವಕಾಶ ಹೋಗೋಣ ಎಂದು ಎಷ್ಟು ಸಲ ಬೇಡಿಕೊಂಡೆನೋ. ಅವರು ಅದನ್ನು ಅಂಜಿಕೆಯೆಂದು ತಿಳಿದು ಇನ್ನಷ್ಟು ಒತ್ತಿದರು.

ನಾವು ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ನನ್ನ ಕೈಯಲ್ಲಾಗದ ಕೆಲಸವನ್ನು ಕಡೆಗೆ ಅವರ ಹೆಂಡತಿಯ ಬೆನ್ನು ಮಾಡಿತು. ಆ ತಾಯಿಗೆ ಬೆನ್ನುಹುರಿಯ ತೊಂದರೆ. ಹಮ್ಮಿಗಿಯಲ್ಲಿ, ಹೊಳೆದಂಡೆಗೆ, ಆಕೆಯ ಅಕ್ಕನ ಮನೆ. ನಿವೃತ್ತಿಯ ನಂತರ ಗಂಡಹೆಂಡತಿ ಅಲ್ಲಿಗೆ ಮೇಲಿಂದ ಮೇಲೆ ಹೋಗತೊಡಗಿದರು. ಒಂದು ತಗ್ಗಿಗೆ ಗಾಡಿ ಕುಕ್ಕಿದರೆ ಆಕೆಗೆ ಪ್ರಾಣ ಹೋದಂತಾಗುವುದು. ಮೇಲಿನ ಹಿಡಿಕೆ ಹಿಡಿದುಕೊಂಡು, ಸಾವಕಾಶ ಎಂಬ ಒಂದು ಮಾತನ್ನು ಆಕೆ ಬೆಟಗೇರಿಯಿಂದ ಹಮ್ಮಿಗಿಯವರೆಗೆ ಜಪಿಸುತ್ತಿದ್ದರು. ಜಗತ್ತಿನಲ್ಲಿ ಆ ಮನುಷ್ಯ ಒಬ್ಬರಿಗಷ್ಟೇ ಅಂಜುತ್ತಿದ್ದರು, ಅದು ಆಕೆಗೆ. ವಿಜ್ಞಾನ ಸರ್ ಗಾಡಿಯನ್ನು ನನ್ನ ವೇಗದಲ್ಲಿ ಓಡಿಸತೊಡಗಿದರು.

ಮೊದಲು ಹಮ್ಮಿಗಿಯಲ್ಲಿ ನಿಂತಿತು. ಆಮೇಲೆ ಹಿರೇವಡ್ಡಟ್ಟಿಯಲ್ಲಿ, ಚಹಾಕ್ಕೆಂದು ನಿಲ್ಲಿಸಿದಾಗ. ಶೇಂಗಾ ಕೀಳುತ್ತಿದ್ದ ಆಳುಗಳು ಹೊಲದಿಂದ ಬಂದು ದಬ್ಬಿದರಂತೆ. ಈ ವರದಿಗಳನ್ನು ಅವರು ಬಂದು ನನಗೇ ಹೇಳುತ್ತಿದ್ದರು, ನಾನು ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡವನಂತೆ ಮುಖ ಗಂಭೀರ ಮಾಡಿ ಕೇಳುತ್ತಿದ್ದೆ. ಬ್ಯಾಟರಿ ಬದಲಿಸಿದರು. ಡೈನಮೊ ಬಿಚ್ಚಿದರು, ಕಟ್ಟಿದರು, ಹೊಸದು ತಂದರು. ಬೆಲ್ಟು ಬದಲಿಸಿದರು. ವಾಯರನ್ನೆಲ್ಲ ಎಳೆದು ಅಂಗಳದಲ್ಲಿ ಹರವಿ ಮತ್ತೆ ಜೋಡಿಸಿದರು. ಗ್ಯಾರೇಜಿನವರು ಗುರುಗುಟ್ಟಿಸಿ ನೋಡಿದರೆ ಎಲ್ಲ ಸರಿಯಾಗಿ ತೋರಿಸುವುದು. ಒಬ್ಬ ಗ್ಯಾರೇಜಿನವ ಮೀಟರಿನ ಕೆಂಪು ಬಲ್ಬು ನೋಡೋಣವೇ ಎಂದನಂತೆ. ಆ ಬಲ್ಬು ನಾನೇ ನನ್ನ ಕೈಯಿಂದ ಹಾಕಿದ್ದು, ಅದರ ಮಾತು ಬೇಡ ಎಂದು ಅವನನ್ನು ಬೈದು ಬಂದರಂತೆ. ಇದನ್ನು ಕೇಳಿದ ದಿನ ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ, ಎಣ್ಣೆಯ ದೀಪ.

ಏನಾಗಿರಬಹುದು ಎಂದು ಕಡೆಗೆ ನನ್ನನ್ನೇ ಕೇಳಿದರು. ನಾನು ವರ್ಷಗಟ್ಟಲೆ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತನ್ನು ಹೊರತೆಗೆದೆ.

"ಗಾಡಿ ಛಲೋ ಐತ್ರಿ ಸರ್. ವಯಸ್ಸಾತು, ನಿಮಗ ಓಡಸಾಕ ಆಗವಲ್ದು."

ಅವರ ಮುಖದಲ್ಲಿ ಏನೋ ಆರಿದ್ದನ್ನು ಕಂಡೆ. ಸುಳ್ಳೇಕೆ ಹೇಳಲಿ, ತುಂಬ ಹಿತವಾಯಿತು.

ಗಾಡಿಯನ್ನು ನಾನು ಮರಳಿ ಕೊಳ್ಳುವ ಆಸೆ ಇತ್ತು. ಅವರು ನನ್ನನ್ನು ಕೇಳದೆಯೇ ಅದನ್ನು ಹಿರೇವಡ್ಡಟ್ಟಿಯ ಒಬ್ಬನಿಗೆ ಮಾರಿಬಿಟ್ಟರು. ಅವನು ರಸ್ತೆಯಲ್ಲಿ ಬಸ್ಸನ್ನು ಹಿಂದೆ ಹಾಕುವ ಜಾತಿಯವನು. ಅವನ ಕೈಯಲ್ಲಿ ಅದು ಇಂದಿಗೂ ಓಡುತ್ತಿದೆ. ಆದರೂ ನನಗೆ ಬೇಸರವಾಗಲಿಲ್ಲ. ಯಾಕೆಂದರೆ ಗಾಡಿ ಹೋದರೂ ಪ್ರಶ್ನೆ ಅವರಲ್ಲೇ ಉಳಿದಿತ್ತು, ಉತ್ತರ ನನ್ನಲ್ಲಿತ್ತು. ಜಗತ್ತಿನ ಪ್ರತಿ ವಸ್ತುವಿಗೂ ಟೆಸ್ಟರ್ ಹಚ್ಚಿ ಇದೆ ಇಲ್ಲ ಎಂದು ಹೇಳಿದ ಮನುಷ್ಯ, ಈ ಒಂದಕ್ಕೆ ಏನೂ ಹೇಳಲಾರದೆ ಒದ್ದಾಡುತ್ತಿದ್ದರು. ಮದುವೆಯಲ್ಲಿ ಸಿಕ್ಕರೆ ಅದೇ ಮಾತು, ಪಿಂಚಣಿಗೆ ಬ್ಯಾಂಕಿನಲ್ಲಿ ಸಿಕ್ಕರೆ ಅದೇ ಮಾತು: ಡೈನಮೊ ಸರಿ, ಬ್ಯಾಟರಿ ಸರಿ, ಮತ್ತೆ ಯಾಕೆ? ನನ್ನ ಆಸ್ತಿ ಇದೇ ಆಗಿತ್ತು. ಇದನ್ನು ಅವರಿಗೆ ಎಂದಿಗೂ ಕೊಡಬಾರದು, ಗೊತ್ತಾಗದೆಯೇ ಅವರು ಹೋಗಬೇಕು ಎಂದು ತೀರ್ಮಾನಿಸಿದ್ದೆ.

ಈ ವರ್ಷ ಅವರು ಹಾಸಿಗೆ ಹಿಡಿದರು. ಗದಗಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆಂದರೆ ಅದರ ಅರ್ಥ ಎಲ್ಲರಿಗೂ ತಿಳಿಯುವಂಥದ್ದೇ. ಒಂದು ಮುಂಜಾನೆ ನೋಡಲು ಹೋದೆ. ಉದ್ದ ಕಾಲು ಮಂಚದ ಹೊರಗೆ ಚಾಚಿಕೊಂಡಿದ್ದವು. ಅಂಗಿಗೆ ಕಿಸೆ ಇರಲಿಲ್ಲ. ಪಕ್ಕದಲ್ಲಿ ಕುಳಿತೆ. ಮಕ್ಕಳ ಮಾತು, ಔಷಧದ ಮಾತು ಏನೂ ಆಡದೆ, ಮೆಲ್ಲಗೆ ಅದನ್ನೇ ಕೇಳಿದರು: ಆ ಗಾಡಿ ಯಾಕೆ ಸಾಯುತ್ತಿತ್ತು?

ಕೊಡಬಾರದೆಂದು ಇಟ್ಟುಕೊಂಡದ್ದನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಿದೆ: "ಅದರ ಕಾರಣ ನನಗೆ ತಿಳಿದಿಲ್ಲ."

ಅವರು ತಲೆ ಹೊರಳಿಸಿ ನನ್ನನ್ನು ನೋಡಿದರು. ಆಮೇಲೆ ಆ ಒಣಗಿದ ಮುಖದಲ್ಲಿ ನಗು ಬಂತು.

"ಕನ್ನಡ ಸರ್, ನೀವು ಸುಳ್ಳ ಹೇಳೂವಾಗ ಪುಸ್ತಕದಾಗಿಂದ ಮಾತಾಡತೀರಿ ನೋಡ್ರಿ. ಹೆಡ್‌ಮಾಸ್ತರ ಮುಂದ ಮಂಡಿನೋವ ಅಂದಾಗೂ ಹಿಂಗ ಅಂದಿದ್ರಿ."

ಅವರು ಸೂರು ನೋಡುತ್ತಾ, ಕರಿಹಲಗೆಯ ಮೇಲೆ ಗಣಿತ ಬಿಡಿಸುವಂತೆ ಒಂದೊಂದೇ ಮೆಟ್ಟಿಲು ಹತ್ತಿದರು. ಮಂಡಿನೋವು. ಅಂದರೆ ಧಾರವಾಡಕ್ಕೆ ಬರಲಿಲ್ಲ. ಗಾಡಿ ನಿಮ್ಮ ಅಂಗಳದಾಗ. ಬೀಗದ ಕೈ ನಿಮ್ಮ ಅಡಿಗಿಮನಿಯಾಗ. ಬಿಚ್ಚೂದ ನಿಮಗ ಗೊತ್ತಿತ್ತು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. ಕೆಂಪ ದೀಪ.

"ಹೌದಿಲ್ಲೋ?"

ನಾನು ನೆಲ ನೋಡಿದೆ. ಅವರು ಒಳಗೆ ಹೆಂಡತಿಗೆ ಕೇಳುವಂತೆ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದರು. ಕೇಳಿದೇನು, ತಪ್ಪು ಡೈನಮೊದ್ದಲ್ಲ, ಕನ್ನಡ ಸರ್‌ದು ಎಂದರು. ಆಕೆ ಹಾಲಿನ ಬಟ್ಟಲು ಹಿಡಿದುಕೊಂಡು ಬಂದು, ತಿಂಗಳಿಂದ ನಕ್ಕಿರಲಿಲ್ಲ ನೋಡ್ರಿ ಅಣ್ಣಾ, ನೀವು ಬಂದಿದ್ದ ಛಲೋ ಆತು ಎಂದು ಕಣ್ಣು ತುಂಬಿ ನನಗೆ ಕೈಮುಗಿದರು. ಸೇಡು ತೀರಿಸಿಕೊಳ್ಳಲು ಹೋಗಿ ಇಷ್ಟು ಚೆನ್ನಾಗಿ ಉಪಕಾರ ಮಾಡಿ ಬಂದವನು ನಮ್ಮ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಎದ್ದು ಹೊರಟೆ. ಬಾಗಿಲ ಹತ್ತಿರ ಹೋದಾಗ ಅವರು ಮತ್ತೆ ಕರೆದರು.

"ಆ ಎಲ್‌ಇಡಿ ಮೊದಲನೇ ಸಲಕ್ಕ ಹತ್ತಿತೇನ್ರಿ? ಉಲ್ಟಾ ಹಾಕಿದ್ರೇನು?"

ಎಷ್ಟೋ ವರ್ಷದಿಂದ ಯಾರಿಗೂ ಹೇಳಿಕೊಳ್ಳಲಾಗದೆ ಇಟ್ಟುಕೊಂಡಿದ್ದ ಹೆಮ್ಮೆ ಅದು. ತಡೆಯಲಾಗಲಿಲ್ಲ.

"ಮೊದಲನೇ ಸಲಕ್ಕ ಹತ್ತಿತ್ರಿ."

ಅವರು ಕಣ್ಣು ಮುಚ್ಚಿ, ತೃಪ್ತಿಯಿಂದ ತಲೆಯಾಡಿಸಿದರು. "ಹತ್ತಾಕ ಬೇಕು. ಕಲಿಸಿದಾವ ಯಾರು?"

ಅದೇ ವಾರ ಹೋದರು. ಆಯುಷ್ಯದಲ್ಲಿ ನಾನು ಸ್ವಂತ ತಲೆಯಿಂದ ಮಾಡಿದ ಒಂದೇ ಒಂದು ಕೆಲಸ ಅದು. ಅದನ್ನೂ ತಮ್ಮ ಹೆಸರಿಗೆ ಹಚ್ಚಿಕೊಂಡು ಹೋದರು.